ಅನಲಾಗ್ ಗ್ರೂವ್‌ಬಾಕ್ಸ್ ತಗೋಬೇಕಾ? ಮೊದಲು ತಾಳ ನೋಡಿ, ಸದ್ದು ಆಮೇಲೆ

ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡಿಗೆ ರಿದಮ್ ನುಡಿಸೋಕೆ ಅಂತ ಗ್ರೂವ್‌ಬಾಕ್ಸ್, ಅಂದರೆ ಹಾಕಿಟ್ಟ ಡ್ರಮ್, ಬೇಸ್ ತಾನೇ ನುಡಿಸುವ ಡಬ್ಬ, ಹುಡುಕುತ್ತಿದ್ದೀರಾ? ದುಡ್ಡು ಉಳಿಸಿಕೊಳ್ಳಿ. ನಿಮಗೆ ಬೇಕಾಗಿರುವುದು ಆಕ್ಟೋಪ್ಯಾಡ್, ಕೋಲಲ್ಲಿ ಬಡಿದು ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡ್. ರೋಲ್ಯಾಂಡ್ ಎಸ್‌ಪಿಡಿ-20 ಅಥವಾ ಎಸ್‌ಪಿಡಿ-30 ಕೋಲಾರದ ಸುತ್ತಮುತ್ತ ಯಾವ ಗಣೇಶನ ಪೆಂಡಾಲಿಗೆ ಹೋದರೂ ಕಣ್ಣಿಗೆ ಬೀಳುತ್ತದೆ. ತಬಲಾ ಸದ್ದು ಅದರಲ್ಲೇ ಇರುತ್ತದೆ. ಗಾಯಕರು ಪಲ್ಲವಿಯನ್ನು ಇನ್ನೊಂದು ಸಲ ಎತ್ತಿಕೊಂಡರೂ, ಚರಣ ಮರೆತು ನಿಂತರೂ ನೀವು ಜೊತೆಗೆ ಹೋಗಬಹುದು. ಗ್ರೂವ್‌ಬಾಕ್ಸ್‌ಗೆ ಆ ದಾಕ್ಷಿಣ್ಯ ಇಲ್ಲ. ಅದು ಹಾಕಿದ ಲೆಕ್ಕಕ್ಕೆ ಹೋಗುತ್ತಲೇ ಇರುತ್ತದೆ.

ಗ್ರೂವ್‌ಬಾಕ್ಸ್ ಇರುವುದು ಕೂತು ಲಯ ಕಟ್ಟುವವರಿಗೆ. ಒಂದು ಬಡಿತ ಹಾಕಿ, ಅದರ ಮೇಲೆ ಬೇಸ್ (ತಗ್ಗಿನ ಸ್ವರಗಳು) ಹಾಕಿ, ನಾಬ್ ತಿರುಗಿಸುತ್ತಾ ಗಂಟೆಗಟ್ಟಲೆ ಕಳೆಯುವವರಿಗೆ. ನಾಟಕಕ್ಕೆ, ಕಿರುಚಿತ್ರಕ್ಕೆ, ಬೀದಿನಾಟಕಕ್ಕೆ ಹಿನ್ನೆಲೆ ಸಂಗೀತ ಮಾಡುವವರಿಗೆ. ತಮಟೆ ಜೊತೆ ಎಲೆಕ್ಟ್ರಾನಿಕ್ ಸದ್ದು ಬೆರೆಸಬೇಕು ಅನ್ನುವ ಹುಚ್ಚು ಇರುವವರಿಗೂ. ಈ ಕೊನೆಯ ಗುಂಪಿನಲ್ಲಿ ನಾನಿದ್ದೇನೆ.

ಡ್ರಮ್, ಬೇಸ್ ಮತ್ತು ಹಾಕಿದ ಪೆಟ್ಟು-ಸ್ವರಗಳನ್ನು ಸಾಲಾಗಿ ನುಡಿಸುತ್ತಾ ಹೋಗುವ ಸೀಕ್ವೆನ್ಸರ್ ಮೂರೂ ಒಂದೇ ಡಬ್ಬದಲ್ಲಿದ್ದರೆ ಅದು ಗ್ರೂವ್‌ಬಾಕ್ಸ್. ಈ ಹೆಸರು ಓಡಿದ್ದು 1996ರಲ್ಲಿ ರೋಲ್ಯಾಂಡ್‌ನ ಎಂಸಿ-303 ಬಂದ ಮೇಲೆ. ತಮಾಷೆ ಅಂದರೆ ಅದು ಅನಲಾಗ್ (ಸದ್ದು ಸರ್ಕ್ಯೂಟ್‌ನಲ್ಲೇ ಹುಟ್ಟುವಂಥದ್ದು) ಅಲ್ಲವೇ ಅಲ್ಲ. ಎಲ್ಲರೂ ಹಂಬಲಿಸುವ ಅನಲಾಗ್ ಸದ್ದು ಅದಕ್ಕಿಂತ ಹಳೆಯದು: 1980ರ ಟಿಆರ್-808 ಡ್ರಮ್ ಮೆಷಿನ್, ಅದರ ಬೆನ್ನಿಗೇ ಬಂದ ಟಿಬಿ-303 ಬೇಸ್ ಡಬ್ಬ. ಆಗ ಎರಡೂ ಅಷ್ಟೇನೂ ಮಾರಾಟ ಆಗಲಿಲ್ಲ. ಆದರೆ ಮುಂಬೈಯಲ್ಲಿ ಸಿನಿಮಾ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ಈ ಎರಡನ್ನೂ ಇಟ್ಟುಕೊಂಡು ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ನಮ್ಮ ಸಂಗೀತಕ್ಕೂ ಈ ಡಬ್ಬಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಅಂಗಡಿಗೆ ಹೋದರೆ, ವಿಡಿಯೋ ನೋಡಿದರೆ, ಎಲ್ಲರೂ ಶುರು ಮಾಡುವುದು ಸದ್ದಿನಿಂದ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಎಷ್ಟು ದಪ್ಪ, ಫಿಲ್ಟರ್ ಎಷ್ಟು ಜಿಡ್ಡು ಅಂತ. ನನ್ನ ಮಾತು ಕೇಳಿದರೆ ಸದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಸದ್ದು ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ.

ಎಷ್ಟು ಸ್ಟೆಪ್? ಕಡಿಮೆ ಮಾಡಬಹುದಾ?

ಈ ಡಬ್ಬಗಳು ಹುಟ್ಟಿದ್ದು ನಾಲ್ಕರ ಲೆಕ್ಕದ ಸಂಗೀತಕ್ಕೆ. ಹದಿನಾರು ಬಟನ್ ಸಾಲಾಗಿ ಇರುತ್ತವೆ. ಒಂದೊಂದೂ ಒಂದು ಸ್ಟೆಪ್, ಅಂದರೆ ಒಂದು ಪೆಟ್ಟು ಬೀಳಬಹುದಾದ ಜಾಗ. ಆದಿತಾಳದ ಎಂಟು ಅಕ್ಷರಕ್ಕೆ ಅಕ್ಷರಕ್ಕೆರಡು ಅಂತ ಹಂಚಿದರೆ ಹದಿನಾರು ಸರಿಹೋಗುತ್ತದೆ. ಆದರೆ ಅಕ್ಷರಕ್ಕೆ ನಾಲ್ಕು ಬೇಕು ಅಂದರೆ ಮೂವತ್ತೆರಡು ಬೇಕು. ಹದಿನಾರರ ಡಬ್ಬದಲ್ಲಿ ಅರ್ಧ ತಾಳಕ್ಕೇ ಜಾಗ ಮುಗಿಯುತ್ತದೆ.

ಅಕ್ಷರಕ್ಕೆರಡರ ಲೆಕ್ಕದಲ್ಲೇ ಏಳರ ಮಿಶ್ರಛಾಪುವಿಗೆ ಹದಿನಾಲ್ಕು ಸ್ಟೆಪ್. ಐದರ ಖಂಡಛಾಪುವಿಗೆ ಹತ್ತು. ರೂಪಕಕ್ಕೆ ಹನ್ನೆರಡು. ಜಾನಪದ ಕುಣಿತದ ಬಹಳಷ್ಟು ಪೆಟ್ಟುಗಳು ಮೂರರ ನಡೆಯವು, ಅವಕ್ಕೂ ಹನ್ನೆರಡೇ ಆಗಬೇಕು. ಆದ್ದರಿಂದ ಮೊದಲ ಪ್ರಶ್ನೆ ಇದು: ಹದಿನಾರನ್ನು ಹದಿನಾಲ್ಕಕ್ಕೆ ಇಳಿಸಬಹುದಾ? ಎಷ್ಟು ಸುಲಭವಾಗಿ?

ಕೋರ್ಗ್ ಕಂಪನಿಯ ಸಣ್ಣ ಡಬ್ಬಗಳಾದ ವೋಲ್ಕಾ ಬೇಸ್, ಬೀಟ್ಸ್, ಕೀಸ್ ಮೂರರಲ್ಲೂ ‘ಆಕ್ಟಿವ್ ಸ್ಟೆಪ್’ ಅಂತ ಇದೆ. ಬೇಡದ ಸ್ಟೆಪ್ ಆಫ್ ಮಾಡಿದರೆ ಅದನ್ನು ಹಾರಿ ಮುಂದಕ್ಕೆ ಹೋಗುತ್ತದೆ. ಕೊನೆಯ ಎರಡನ್ನು ಆಫ್ ಮಾಡಿ, ಕಿಕ್ ಅನ್ನು ಒಂದು, ಏಳು, ಹನ್ನೊಂದರ ಮೇಲೆ ಇಡಿ. ತಕಿಟ, ತಕ, ಧಿಮಿ. ಮಿಶ್ರಛಾಪು ಸಿದ್ಧ. ಆದರೆ ಹದಿನಾರರ ಮೇಲಕ್ಕೆ ಹೋಗುವ ಹಾಗಿಲ್ಲ.

ಆರ್ಟೂರಿಯಾ ಕಂಪನಿಯ ಡ್ರಮ್‌ಬ್ರೂಟ್ ಇಂಪ್ಯಾಕ್ಟ್‌ನಲ್ಲಿ ಅರವತ್ನಾಲ್ಕು ಸ್ಟೆಪ್‌ವರೆಗೆ ಹೋಗಬಹುದು. ಅದಕ್ಕಿಂತ ಮಜಾ ಅಂದರೆ ಒಂದೊಂದು ವಾದ್ಯಕ್ಕೆ ಒಂದೊಂದು ಉದ್ದ ಕೊಡಬಹುದು. ಕಿಕ್ ಹದಿನಾರರಲ್ಲಿ ಸುತ್ತಲಿ, ಟಾಮ್ ಹದಿನಾಲ್ಕರಲ್ಲಿ ಸುತ್ತಲಿ. ಎರಡೂ ಮತ್ತೆ ಒಟ್ಟಿಗೆ ಮೊದಲ ಪೆಟ್ಟಿಗೆ ಬಂದು ಕೂರುವುದು ನೂರಾ ಹನ್ನೆರಡನೇ ಸ್ಟೆಪ್ ಮುಗಿದ ಮೇಲೆ. ಕಿಕ್ ಏಳು ಸುತ್ತು, ಟಾಮ್ ಎಂಟು ಸುತ್ತು. ಮೃದಂಗದವರ ಪಕ್ಕ ಕೂತು ಬೆಳೆದವರಿಗೆ ಈ ಲೆಕ್ಕ ಆಟ ಇದ್ದ ಹಾಗೆ. ಎಲೆಕ್ಟ್ರಾನ್ ಕಂಪನಿಯ ಸಿಂಟ್ಯಾಕ್ಟ್‌ನಲ್ಲೂ ಇದೇ ಸೌಲಭ್ಯ ಇದೆ, ಅಲ್ಲೂ ಅರವತ್ನಾಲ್ಕು.

ವೇಗ ಏರಿಸೋಕೆ ಆಗುತ್ತಾ?

ಇದನ್ನು ನನಗೆ ಹೇಳಿಕೊಟ್ಟಿದ್ದು ಯಾವ ವಿಡಿಯೋನೂ ಅಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು. ಜಾತ್ರೆ, ಮೆರವಣಿಗೆ ಅಂತ ತಮಟೆ ಬಡಿದೇ ಕೈ ಕಾಯಿ ಕಟ್ಟಿದೆ. ಹೊಸ ಡಬ್ಬ ನೋಡೋಕೆ ಬಂದು, ಸ್ವಲ್ಪ ಹೊತ್ತು ಕೇಳಿ, “ಒಂದೇ ಸಮ ಹೋಗ್ತೈತಲ್ಲಪ್ಪಾ ಇದು” ಅಂದರು. “ಕುಣಿಯೋರಿಗೆ ಉರುಪು ಬಂದಾಗ ಏರಿಸ್ಬೇಕಲ್ವಾ? ಏರಿಸು, ನೋಡಾನ.”

ಇಂಪ್ಯಾಕ್ಟ್‌ನಲ್ಲಿ ಟೆಂಪೋಗೆ ಪ್ರತ್ಯೇಕ ನಾಬ್ ಇದೆ. ಮೆಲ್ಲಗೆ ತಿರುಗಿಸಿದೆ. ಅವರು ಕಾಲಲ್ಲಿ ತಾಳ ಹಾಕುತ್ತಾ, “ಇನ್ನೂ... ಇನ್ನೂ... ಹಾಂ, ಈಗ ಬಿಡು” ಅಂದರು. ಕುಣಿತದ ಪೆಟ್ಟು ನಿಂತ ಕಡೆ ನಿಲ್ಲುವುದಿಲ್ಲ, ಏರುತ್ತಾ ಹೋಗುತ್ತದೆ. ಟೆಂಪೋ ಮೆನುವಿನ ಒಳಗೆ ಎಲ್ಲೋ ಇದ್ದರೆ ಆ ಏರಿಕೆ ಕೈಗೆ ಸಿಗಲ್ಲ. ವೋಲ್ಕಾಗಳಲ್ಲೂ ಟೆಂಪೋ ನಾಬ್ ಮುಖದ ಮೇಲೇ ಇದೆ. ಸಿಂಟ್ಯಾಕ್ಟ್‌ನಲ್ಲಿ ಬಟನ್ ಒತ್ತಿ ಆಮೇಲೆ ತಿರುಗಿಸಬೇಕು. ಮನೆಯಲ್ಲಿ ತೊಂದರೆ ಇಲ್ಲ. ಪಕ್ಕದಲ್ಲಿ ತಮಟೆಯವರು ಇದ್ದಾಗ ಕಿರಿಕಿರಿ.

ತಮಟೆ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಹಿಂದೆ ನಮ್ಮ ಕೋಲಾರ ಜಿಲ್ಲೆಯೇ ಆಗಿದ್ದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಅದಾದ ಮೇಲೆ ಹುಡುಗರಲ್ಲಿ ಆ ಪೆಟ್ಟುಗಳನ್ನು ಡಬ್ಬಕ್ಕೆ ಇಳಿಸುವ ಆಸೆ ಜಾಸ್ತಿ ಆದಂತಿದೆ. ಸುಮ್ನೆ ರೆಕಾರ್ಡ್ ಮಾಡಿ ಸ್ಯಾಂಪ್ಲರ್‌ಗೆ ಹಾಕಿದರೆ ತಮಟೆ ಸದ್ದು ಹಾಗೇ ಬರುತ್ತದೆ, ನಿಜ. ಅನಲಾಗ್‌ನಲ್ಲಿ ತಮಟೆ ಬರಲ್ಲ. ಬರುವುದು ಅದರ ದಾಯಾದಿ. ಇಂಪ್ಯಾಕ್ಟ್‌ನಲ್ಲಿ ನಾನು ಮಾಡಿಕೊಂಡಿರುವುದು ಹೀಗೆ: ಹನ್ನೆರಡು ಸ್ಟೆಪ್. ದಪ್ಪ ಕೋಲಿಗೆ ಲೋ ಟಾಮ್, ಒಂದು, ಏಳು, ಹತ್ತರ ಮೇಲೆ. ಸಣ್ಣ ಕೋಲಿಗೆ ಎಫ್‌ಎಂ ಡ್ರಮ್, ಪಿಚ್ ಮೇಲಕ್ಕೆ ತಂದು, ಡಿಕೇ (ಸದ್ದು ಅಡಗುವ ಹೊತ್ತು) ಗಿಡ್ಡ ಮಾಡಿ, ಮೂರು, ನಾಲ್ಕು, ಆರು, ಒಂಬತ್ತು, ಹನ್ನೆರಡರ ಮೇಲೆ. ಒಂದು ಮತ್ತು ಹತ್ತಕ್ಕೆ ಆಕ್ಸೆಂಟ್, ಅಂದರೆ ಒತ್ತು. ಆಮೇಲೆ ಸ್ವಿಂಗ್ (ಪೆಟ್ಟುಗಳ ತೂಗಾಟ) ಒಂಚೂರು. ‘ಚಟ್’ ಅನ್ನುವ ಆ ಸಣ್ಣ ಪೆಟ್ಟು ಚರ್ಮದ್ದಲ್ಲ, ತಗಡಿನದ್ದು ಅನಿಸುತ್ತದೆ. ನನಗೆ ಅದೇ ಇಷ್ಟ.

ಶ್ರುತಿ ಮತ್ತು ಬಿಸಿಲು

ಅನಲಾಗ್ ಅಂದರೆ ಸದ್ದು ಹುಟ್ಟುವುದು ಸರ್ಕ್ಯೂಟ್‌ನಲ್ಲೇ, ಟ್ರಾನ್ಸಿಸ್ಟರ್, ಕೆಪಾಸಿಟರ್‌ಗಳಲ್ಲಿ. ಅವಕ್ಕೆ ಬಿಸಿ ತಾಗಿದರೆ ಶ್ರುತಿ ಅಲುಗಾಡುತ್ತದೆ. ನುಡಿಸುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವ ಹಾಗೆ, ಇದನ್ನೂ ಕಾಲು ಗಂಟೆ ಮೊದಲೇ ಆನ್ ಮಾಡಿ ಬಿಡಿ. ಡ್ರಮ್‌ಗಳಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇಸ್‌ನಲ್ಲಿ ಗೊತ್ತಾಗುತ್ತದೆ. ವೋಲ್ಕಾ ಬೇಸ್‌ನಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್ ಮೂರು, ಮೂರಕ್ಕೂ ಬೇರೆ ಬೇರೆ ಶ್ರುತಿ ನಾಬ್. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನ ಮನೆಯಲ್ಲಿ ಕೂತರೆ ಆಗಾಗ ಸರಿಮಾಡಿಕೊಳ್ಳಲೇಬೇಕು. ವೋಲ್ಕಾ ಕೀಸ್ ತಾನೇ ಶ್ರುತಿ ಸರಿಮಾಡಿಕೊಳ್ಳುತ್ತದೆ.

ಇದಕ್ಕೆ ಒಳ್ಳೆಯ ಮುಖವೂ ಇದೆ. ಹಾಡುವವರು ಕಪ್ಪು ಎರಡರಲ್ಲೋ ಬಿಳಿ ನಾಲ್ಕರಲ್ಲೋ ಇದ್ದು, ಹಾರ್ಮೋನಿಯಂ ಹಳೆಯದಾಗಿ ಚೂರು ಇಳಿದಿದ್ದರೆ, ನಾಬ್ ತಿರುಗಿಸಿ ಅದರ ಶ್ರುತಿಗೇ ಕೂಡಿಸಬಹುದು. ಗಮಕದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. 303 ಜಾತಿಯ ಡಬ್ಬಗಳಲ್ಲಿ ಸ್ಲೈಡ್ ಇದೆ, ಅದು ಜಾರು ಇದ್ದಂತೆ ಕೇಳುತ್ತದೆ. ಸ್ವರವನ್ನು ಅಲುಗಿಸುವ ಕಂಪಿತ ಬರಲ್ಲ.

ನಾಬ್ ನೆನಪಿಟ್ಟುಕೊಳ್ಳುತ್ತಾ?

ಬಹಳ ಜನ ಕೇಳದೇ ಇರುವ ಪ್ರಶ್ನೆ ಇದು. ಇಂಪ್ಯಾಕ್ಟ್‌ನಲ್ಲಿ ಪ್ಯಾಟರ್ನ್, ಅಂದರೆ ಯಾವ ಸ್ಟೆಪ್‌ನಲ್ಲಿ ಯಾವ ಪೆಟ್ಟು ಅನ್ನುವುದು, ಸೇವ್ ಆಗುತ್ತದೆ. ಆದರೆ ಕಿಕ್‌ನ ಪಿಚ್ ಎಲ್ಲಿತ್ತು, ಡಿಕೇ ಎಷ್ಟಿತ್ತು ಅನ್ನುವುದು ಸೇವ್ ಆಗಲ್ಲ. ವೋಲ್ಕಾ ಬೇಸ್‌ನಲ್ಲೂ ಅಷ್ಟೇ. ಅಂದರೆ ಒಂದು ದೃಶ್ಯಕ್ಕೆ ಕಟ್ಟಿದ ಸದ್ದು ಮುಂದಿನ ದೃಶ್ಯಕ್ಕೆ ಹೋಗಿ ವಾಪಸ್ ಬಂದಾಗ ಹಾಗೇ ಸಿಗಬೇಕು ಅಂದರೆ ಕೈಯಲ್ಲೇ ತಿರುಗಿಸಿ ತರಬೇಕು. ನಾನು ನಾಬ್‌ಗಳ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳುತ್ತೇನೆ. ಮುಖ್ಯವಾದ ಎರಡು ಮೂರು ಕಡೆ ಬಣ್ಣದ ಸ್ಟಿಕ್ಕರ್ ಚೂರು ಅಂಟಿಸಿದ್ದೇನೆ.

ಸಿಂಟ್ಯಾಕ್ಟ್ ಇಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತದೆ. ಅದರ ಅನಲಾಗ್ ಸರ್ಕ್ಯೂಟ್ ಅನ್ನು ಒಳಗಿನ ಕಂಪ್ಯೂಟರ್ ನಡೆಸುತ್ತದೆ. ಹಾಗಾಗಿ ಪ್ರತಿ ಸದ್ದೂ, ಪ್ರತಿ ಸ್ಟೆಪ್‌ನ ಬದಲಾವಣೆಯೂ ಸೇವ್ ಆಗುತ್ತದೆ. ಕೋಲಾರದ ಚನ್ನಯ್ಯ ರಂಗಮಂದಿರದಲ್ಲಿ ಒಂದೂವರೆ ಗಂಟೆಯ ನಾಟಕಕ್ಕೆ ಒಬ್ಬರೇ ಸಂಗೀತ ಕೊಡುವುದಾದರೆ ಇದೊಂದು ಕಾರಣಕ್ಕೇ ಅದನ್ನು ತಗೋಬಹುದು.

ಹಾಗಾದರೆ ಯಾವುದು?

ಸಿಂಟ್ಯಾಕ್ಟ್ 2022ರಲ್ಲಿ ಬಂದ ಸ್ವೀಡನ್ ಡಬ್ಬ. ಹನ್ನೆರಡು ಟ್ರ್ಯಾಕ್. ಇದನ್ನು ಪೂರ್ತಿ ಅನಲಾಗ್ ಅಂದುಕೊಂಡು ಕೊಳ್ಳುವವರಿದ್ದಾರೆ. ಅಲ್ಲ. ಎಂಟು ಡಿಜಿಟಲ್, ನಾಲ್ಕು ಅನಲಾಗ್. ಅದರ ಜೊತೆ ಅನಲಾಗ್ ಫಿಲ್ಟರ್, ಓವರ್‌ಡ್ರೈವ್ ಇರುವ ಎಫೆಕ್ಟ್ ಟ್ರ್ಯಾಕ್ ಒಂದಿದೆ. ಹೊರಗಿನ ಸದ್ದನ್ನೂ ಅದರೊಳಗೆ ಹಾಯಿಸಬಹುದು. ಸ್ಯಾಂಪಲ್ ಹಾಕೋಕೆ ಆಗಲ್ಲ, ನಿಮ್ಮ ತಮಟೆ ರೆಕಾರ್ಡಿಂಗ್ ಇದರಲ್ಲಿ ನುಡಿಯಲ್ಲ. ಬ್ಯಾಟರಿ ಇಲ್ಲ. ಇದರ ದುಡ್ಡಿಗೆ ಐದಾರು ವೋಲ್ಕಾ ಬರುತ್ತವೆ. ಗೆಳೆಯನ ಡಬ್ಬವನ್ನು ಮನೆಗೆ ತಂದು ಇಟ್ಟುಕೊಂಡಿದ್ದೆ. ಮೊದಮೊದಲು ಬಟನ್ ಮೇಲೆ ಬಟನ್ ಒತ್ತಿ ತಲೆಕೆಟ್ಟಿತು. ಕೈ ಕೂತ ಮೇಲೆ ಬಿಡೋಕೆ ಮನಸ್ಸಾಗಲಿಲ್ಲ. ಸಂಗೀತದಿಂದ ಸಂಪಾದನೆ ಇರುವವರಿಗೆ ಇದು ಸರಿ. ಮೊದಲ ಡಬ್ಬ ಕೊಳ್ಳುವವರಿಗೆ ಬೇಡ.

ಬೆಹ್ರಿಂಗರ್‌ನ ಟಿಡಿ-3, ಆರ್‌ಡಿ-6 ಜೋಡಿ ಹಳೆಯ 303 ಮತ್ತು ಟಿಆರ್-606ರ ನಕಲು. ಅಗ್ಗ. ಸದ್ದು ಸೊಗಸು. ಆದರೆ ಟಿಡಿ-3ಯಲ್ಲಿ ಸ್ವರ ಹಾಕುವ ರೀತಿ ನಲವತ್ತು ವರ್ಷ ಹಿಂದಿನದ್ದೇ: ಮೊದಲು ಸ್ವರಗಳನ್ನೆಲ್ಲ ಒಂದು ಸಲ ಹಾಕಿ, ಆಮೇಲೆ ಅವುಗಳ ಕಾಲವನ್ನು ಇನ್ನೊಂದು ಸಲ ಹಾಕಬೇಕು. ಬೇಕೆಂದದ್ದು ಬರುವುದಿಲ್ಲ, ಬಂದದ್ದು ಬೇಕೆನಿಸುತ್ತದೆ. ಅದು ಸುಖ ಅನ್ನುವವರೂ ಇದ್ದಾರೆ. ಮೋಹನವನ್ನೋ ಹಿಂದೋಳವನ್ನೋ ಲೆಕ್ಕ ಹಾಕಿ ಕೂರಿಸಬೇಕು ಅನ್ನುವವರಿಗೆ ತಾಳ್ಮೆ ಪರೀಕ್ಷೆ.

ರೋಲ್ಯಾಂಡ್ ಟಿ-8 ಅನಲಾಗ್ ಅಲ್ಲ. ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೋ ಅದನ್ನು ಲೆಕ್ಕ ಹಾಕಿ ಅನುಕರಿಸುತ್ತದೆ. ಆದರೂ ಈ ಪಟ್ಟಿಯಲ್ಲಿ ಇಟ್ಟಿದ್ದೇನೆ. ಡ್ರಮ್ಮೂ 303 ಥರದ ಬೇಸೂ ಅಂಗೈ ಅಗಲದ ಡಬ್ಬದಲ್ಲಿವೆ, ಮೂವತ್ತೆರಡು ಸ್ಟೆಪ್ ಇದೆ, ಫೋನ್ ಚಾರ್ಜರ್‌ನಲ್ಲೇ ಚಾರ್ಜ್ ಆಗುತ್ತದೆ. ಸ್ಪೀಕರ್‌ನಿಂದ ಹತ್ತು ಅಡಿ ದೂರ ಕೂತು ಕಣ್ಣು ಮುಚ್ಚಿದರೆ ಇದು ಅನಲಾಗೋ ಅಲ್ಲವೋ ಅಂತ ಹೇಳುವುದು ಕಷ್ಟ. ಅನಲಾಗ್ ಅನ್ನುವ ಹಟ ಬಿಟ್ಟರೆ ಕಾಲೇಜು ಹುಡುಗರಿಗೆ ನಾನು ಹೇಳುವುದು ಇದನ್ನೇ.

ಹಟ ಬಿಡಲ್ಲ ಅಂದರೆ ವೋಲ್ಕಾ. ಮೊದಲ ಮೂರು ವೋಲ್ಕಾ ಬಂದಿದ್ದು 2013ರಲ್ಲಿ. ಬೀಟ್ಸ್‌ನ ಸ್ನೇರ್ ತೆಳು. ಕಿಕ್ ಚೆನ್ನಾಗಿದೆ. ಬೇಸ್ ಮೂರರಲ್ಲಿ ಅತ್ಯುತ್ತಮ, ಅದರಲ್ಲಿ ಎರಡು ಮಾತಿಲ್ಲ. ಒಂದೇ ಒಂದು ಕೊಳ್ಳುವುದಾದರೆ ಬೇಸ್ ತಗೊಳ್ಳಿ, ಬಡಿತಕ್ಕೆ ಫೋನಿನ ಆ್ಯಪ್ ಸಾಕು.

ನಾನು ಕೊಂಡಿದ್ದು ಇಂಪ್ಯಾಕ್ಟ್, ಜೊತೆಗೆ ವೋಲ್ಕಾ ಬೇಸ್. ಕಟ್ಟುನಿಟ್ಟಾಗಿ ನೋಡಿದರೆ ಇಂಪ್ಯಾಕ್ಟ್ ಬರೀ ಡ್ರಮ್ ಮೆಷಿನ್, ಹತ್ತು ಸದ್ದು ಅಷ್ಟೇ. ಎರಡೂ ಸೇರಿದರೆ ಗ್ರೂವ್‌ಬಾಕ್ಸ್. ಎರಡೂ ಒಂದೇ ಲಯದಲ್ಲಿ ಹೋಗೋಕೆ ಇಂಪ್ಯಾಕ್ಟ್‌ನ ಕ್ಲಾಕ್ ಔಟ್‌ನಿಂದ ವೋಲ್ಕಾದ ಸಿಂಕ್ ಇನ್‌ಗೆ ಒಂದು ಸಣ್ಣ ಕೇಬಲ್. ಇಂಪ್ಯಾಕ್ಟ್‌ನ ಕ್ಲಾಕ್ ಅನ್ನು ಒಂದು ಬೀಟ್‌ಗೆ ಎರಡು ಪಲ್ಸ್ ಅಂತ ಇಡಬೇಕು. ಬೇರೆ ಲೆಕ್ಕದಲ್ಲಿ ಇಟ್ಟರೆ ಬೇಸ್ ಓಡಿಹೋಗುತ್ತದೆ, ಇಲ್ಲಾ ತೂಕಡಿಸುತ್ತದೆ. ಇಂಪ್ಯಾಕ್ಟ್‌ನಲ್ಲಿರುವ ‘ಕಲರ್’ ಬಟನ್ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಆಳದ ಕಿಕ್ ಹೆಡ್‌ಫೋನಿನಲ್ಲಿ ಎದೆ ನಡುಗಿಸುತ್ತದೆ, ಆದರೆ ಹಳ್ಳಿಯ ಹಾರ್ನ್ ಸ್ಪೀಕರ್‌ನಲ್ಲಿ ಕೇಳಿಸುವುದೇ ಇಲ್ಲ. ಐವತ್ತು ಹರ್ಟ್ಸ್‌ನಷ್ಟು ಆಳದ ಸದ್ದನ್ನು ಹಾರ್ನ್ ನುಡಿಸಲಾರದು. ಕಲರ್ ಒತ್ತಿ, ಡಿಸ್ಟಾರ್ಷನ್ ಸ್ವಲ್ಪ ಸೇರಿಸಿದರೆ ಮೇಲಿನ ಸ್ವರಗಳು ಹುಟ್ಟಿಕೊಂಡು ಕಿಕ್ ಎದ್ದು ಬರುತ್ತದೆ.

ಕರೆಂಟು, ಕೇಬಲ್ಲು

ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುವ ಹುಣ್ಣಿಮೆ ಹಾಡಿನಂಥ ಬಯಲು ಕಾರ್ಯಕ್ರಮಗಳಿಗೆ ಹೋಗುವ ಆಸೆ ಇದ್ದರೆ ಬ್ಯಾಟರಿ ಮುಖ್ಯ. ವೋಲ್ಕಾಗೆ ಆರು ಎಎ ಸೆಲ್ ಹಾಕಿದರೆ ಹತ್ತು ಗಂಟೆ ಬರುತ್ತದೆ ಅನ್ನುತ್ತದೆ ಕಂಪನಿ. ಸೆಲ್ ಮೇಲೆ ನಡೆದಾಗ ಜನರೇಟರ್‌ನ ಗುಂಯ್ ಸದ್ದೂ ಇರಲ್ಲ. ಇಂಪ್ಯಾಕ್ಟ್‌ಗೆ ಹನ್ನೆರಡು ವೋಲ್ಟ್ ಅಡಾಪ್ಟರ್ ಬೇಕೇ ಬೇಕು. ಸ್ಟೇಜ್ ಮೇಲೆ ಗುಂಯ್ ಅಂದರೆ ಡಿಐ ಬಾಕ್ಸ್ (ಡಬ್ಬಕ್ಕೂ ಸೌಂಡ್ ಸಿಸ್ಟಮ್‌ಗೂ ನಡುವೆ ಇಟ್ಟು ಗುಂಯ್ ತಗ್ಗಿಸುವ ಪೆಟ್ಟಿಗೆ) ಇಟ್ಟುಕೊಳ್ಳಿ. ಸೌಂಡ್ ಸಿಸ್ಟಮ್‌ನವರ ಹತ್ತಿರ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ವೋಲ್ಕಾ ಜೊತೆ ಅಡಾಪ್ಟರ್ ಕೊಡುವುದಿಲ್ಲ. ಒಂಬತ್ತು ವೋಲ್ಟ್, ಒಳಗಿನ ಪಿನ್ ಪ್ಲಸ್. ಗಿಟಾರ್ ಪೆಡಲ್‌ಗಳ ಒಂಬತ್ತು ವೋಲ್ಟ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಳಗಿನ ಪಿನ್ ಮೈನಸ್ ಇರುತ್ತದೆ. ವೋಲ್ಟ್ ಒಂದೇ ಅಲ್ವಾ ಅಂತ ಚುಚ್ಚಿದರೆ ಡಬ್ಬ ಸುಟ್ಟುಹೋಗಬಹುದು. ಅಡಾಪ್ಟರ್ ಮೇಲೆ ವೃತ್ತ ಮತ್ತು ಚುಕ್ಕೆಯ ಚಿತ್ರ ಇರುತ್ತದೆ, ಅದನ್ನು ನೋಡಿಯೇ ಹಾಕಿ. ಕೇಬಲ್, ಕನೆಕ್ಟರ್ ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಒಂದೇ ಸಲ ಪಟ್ಟಿ ಮಾಡಿಕೊಂಡು ಹೋಗಿ.

ಕೊಳ್ಳುವಾಗ

ಕೋಲಾರದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಸಿಗುತ್ತವೆ, ಇವು ಇರಲ್ಲ. ಬೆಂಗಳೂರಿಗೆ ಹೋಗಬೇಕು, ಇಲ್ಲಾ ಆನ್‌ಲೈನ್. ವಿದೇಶದಿಂದ ನೇರ ತರಿಸಿದರೆ ಬೆಲೆ ಕಡಿಮೆ ಕಾಣುತ್ತದೆ. ಅದರ ಮೇಲೆ ಕಸ್ಟಮ್ಸ್, ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕೆಟ್ಟರೆ ವಾರಂಟಿ ಯಾರು ಕೊಡುತ್ತಾರೆ ಅಂತಲೂ ಮೊದಲೇ ಕೇಳಿ. ನಾನು ಇಲ್ಲಿನ ಬಿಲ್ ಸಿಗುವ ಕಡೆಯೇ ತಗೊಂಡೆ, ಸ್ವಲ್ಪ ಜಾಸ್ತಿ ಕೊಟ್ಟು.

ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಆಸೆಗೆ ಕೊಂಡು ವರ್ಷದಲ್ಲೇ ಮಾರುವವರು ಬಹಳ, ಡಬ್ಬ ಹೊಸದರ ಹಾಗೇ ಇರುತ್ತದೆ. ಹೋಗುವಾಗ ನಿಮ್ಮದೇ ಹೆಡ್‌ಫೋನ್, ಆರು ಸೆಲ್ ತಗೊಂಡು ಹೋಗಿ. ಒಂದೊಂದು ನಾಬ್ ಅನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ ಕೇಳಿ. ಕರಕರ ಅಂದರೆ ಒಳಗೆ ಧೂಳು ಹೊಕ್ಕಿದೆ, ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಹೋಗುತ್ತದೆ, ಆ ನೆಪದಲ್ಲಿ ರೇಟು ಇಳಿಸಿ. ಹದಿನಾರೂ ಬಟನ್ ಒತ್ತಿ ನೋಡಿ. ಒಂದು ಒತ್ತಿದರೆ ಎರಡು ಹತ್ತಿಕೊಳ್ಳುತ್ತಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಪ್ಯಾಟರ್ನ್ ಉಳಿದಿದೆಯಾ ನೋಡಿ. ಆಮೇಲೆ ಕೊನೆಯ ಎರಡು ಸ್ಟೆಪ್ ಆಫ್ ಮಾಡಿ ಮಿಶ್ರಛಾಪು ಹಾಕಿ. ಮಾರುವವರು “ಏನ್ ಸಾರ್ ಇದು, ಎಲ್ಲೋ ತಪ್ತಾ ಇದೆ” ಅಂದರೆ ನಗಬೇಡಿ, ರೇಟು ಮಾತಾಡೋದು ಇನ್ನೂ ಇದೆ.